ಯುವಕ ಸಂಘದ ಬಾಗಿಲು ಎಲ್ಲರಿಗೂ ತಗದೈತಿ ಅಂತೇವಿ, ಆದ್ರ ಬರೋರು ಯಾರು?

ಹಳೇಹುಬ್ಬಳ್ಳಿ_ಹುಡುಗ:
ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಓಣ್ಯಾಗ ಒಂದು ಯುವಕ ಸಂಘ ಐತಿ. ಹೆಸರು ಬ್ಯಾಡ, ಗೊತ್ತಿದ್ದವರಿಗೆ ಗೊತ್ತಾಗ್ತೈತಿ. ಗಣಪತಿ ಕೂಡ್ರಸೂದು, ವರ್ಷಕ್ಕೊಮ್ಮೆ ರಕ್ತದಾನ ಶಿಬಿರ, ಬ್ಯಾಸಗಿ ಸೂಟಿಯೊಳಗ ಹುಡುಗ್ರಿಗೆ ಕಬಡ್ಡಿ, ಒಂದು ಸಣ್ಣ ವಾಚನಾಲಯ, ಇಷ್ಟು ನಮ್ಮ ಕೆಲಸ. ಈ ಸಲ ನಾನು ಕಾರ್ಯದರ್ಶಿ ಆಗೇನಿ.

ಒಂದು ಕಂಪನಿಯವರು ವಾಚನಾಲಯಕ್ಕ ಪುಸ್ತಕ, ಎರಡು ಕಂಪ್ಯೂಟರ್ ಕೊಡ್ತೇವಿ ಅಂತ ಮುಂದ ಬಂದಾರ. ಅವರ ಅರ್ಜಿಯೊಳಗ ಒಂದು ಪ್ರಶ್ನೆ ಐತಿ: "ಸಂಸ್ಥೆಯಲ್ಲಿ ಸಮಾನತೆ, ವೈವಿಧ್ಯ ಹಾಗೂ ಎಲ್ಲರ ಒಳಗೊಳ್ಳುವಿಕೆಗಾಗಿ ಕೈಗೊಂಡ ಕ್ರಮಗಳನ್ನು ವಿವರಿಸಿ." ನಮ್ಮ ಅಧ್ಯಕ್ಷರು "ಜಾತಿ, ಧರ್ಮ, ಲಿಂಗ ಭೇದವಿಲ್ಲದೆ ಸಂಘದ ಬಾಗಿಲು ಸರ್ವರಿಗೂ ಸದಾ ತೆರೆದಿರುತ್ತದೆ ಅಂತ ಬರದು ಕಳಿಸಿಬಿಡು" ಅಂದ್ರು. ಬರದೆ. ಕಳಸೂಕಿಂತ ಮೊದಲ ಸದಸ್ಯರ ಪುಸ್ತಕ ತಗದು ನೋಡಿದೆ. 64 ಹೆಸರು. ಅದರಾಗ ಹುಡುಗ್ಯಾರು ಮೂರು ಮಂದಿ, ಮೂವರೂ ಪದಾಧಿಕಾರಿಗಳ ತಂಗ್ಯಾರು. ನಮ್ಮ ಓಣಿ ದಾಟಿ ಎಡಕ್ಕ ಹೊಳ್ಳಿದ್ರ ಮುಸ್ಲಿಮರ ಮನಿಗಳು, ಹಿಂದ ಒಂದು ಕೇರಿ. ಆ ಎರಡೂ ಕಡೆಯಿಂದ ಒಂದ ಹೆಸರೂ ಇಲ್ಲ.

ಯಾರೂ ಬರಬ್ಯಾಡ್ರಿ ಅಂತ ನಾವು ಯಾವತ್ತೂ ಠರಾವು ಮಾಡಿಲ್ಲ. ಆದ್ರೂ ಪುಸ್ತಕ ಹಿಂಗೈತಿ. ನಿಮ್ಮ ಸಂಘದಾಗ ಹೆಂಗ? ಅರ್ಜಿಗೆ ಏನ್ ಬರೀಲಿ ಅಂತ ಕೇಳಾಕತ್ತಿಲ್ಲ, ಏನ್ ಮಾಡೂಣು ಅಂತ ಕೇಳಾಕತ್ತೇನಿ.

ಬ್ಯಾಡಗಿ_ಕಡ್ಡಿ:
ತಮ್ಮಾ, ನೀ ಬರದಿದ್ದು ಖರೇನ ಐತಿ, ಕಳಸು. ಬಾಗಿಲು ತಗದೇವಿ ಅಂದ್ರ ತಗದೇವಿ. ಒಳಗ ಬರೂದು ಬಿಡೂದು ಅವರವರ ಮರ್ಜಿ. ನಮ್ಮದು ಷರೀಫಜ್ಜನ ನಾಡು. ಗೋವಿಂದಭಟ್ರು ಶಿಶುನಾಳದ ಸಾಬರ ಹುಡುಗನ್ನ ಶಿಷ್ಯ ಅಂತ ಒಪ್ಪಿಕೊಂಡ ನೆಲದಾಗ ಇದನ್ನೆಲ್ಲ ಯಾವುದೋ ಕಂಪನಿಯವರ ಅರ್ಜಿಯಿಂದ ಕಲೀಬೇಕೇನು? ನಮ್ಮ ಕಡೆ ಎಷ್ಟೋ ಹಳ್ಳಿಯೊಳಗ ಮೊಹರಂಗೆ ಡೋಲಿ ಹೊರೋರು ಹಿಂದೂ ಹುಡುಗ್ರು. ನಾನೂ ಬಾಳ ವರ್ಷ ಸಂಘ ನಡಸೇನಿ, ಒಬ್ಬರ ಜಾತಿನೂ ಕೇಳಿಲ್ಲ. ಕೇಳಾಕ ಶುರು ಮಾಡಿದ್ರ ಅವತ್ತಿಂದ ಅದು ಸಂಘದೊಳಗ ಹೊಕ್ಕೊಂತೈತಿ.

ಗದಗಿನ_ರೇಡರ್:
ಕಾಕಾರ, ಷರೀಫಜ್ಜನ ಮಾತು ಆಮ್ಯಾಲ ಆಡೂಣು, ಮೊದಲ ಮೈದಾನದ ಮಾತು ಕೇಳ್ರಿ. ನಾನು ಗದಗಿನ್ಯಾಗ ಹುಡುಗ್ಯಾರಿಗೆ ಕಬಡ್ಡಿ ಹೇಳಿಕೊಡ್ತೇನಿ. ಗಂಡಸರ ಅಂಕಣ 13 ಮೀಟರ್ ಉದ್ದ 10 ಮೀಟರ್ ಅಗಲ, ಹೆಣ್ಣುಮಕ್ಕಳದು 12ಕ್ಕ 8. ಗಂಡಸರಿಗೆ ಒಂದೊಂದು ಅವಧಿ 20 ನಿಮಿಷ, ಹೆಣ್ಣುಮಕ್ಕಳಿಗೆ 15. ಮೈದಾನ ಒಂದ ಇತ್ತು, ಒಂದು ಸಂಘದವರದು. "ಯಾರು ಬೇಕಾದ್ರೂ ಆಡಬಹುದು" ಅಂತ ಬೋರ್ಡ್ ಹಾಕಿದ್ರು, ಖರೇನ. ಆದ್ರ ಅಲ್ಲಿ ಗೆರಿ ಇದ್ದಿದ್ದು ಗಂಡು ಹುಡುಗ್ರ ಅಳತಿದು ಮಾತ್ರ. ನಮ್ಮ ಹುಡುಗ್ಯಾರು ದಿನಾ ಸಾಲಿ ಬಿಟ್ಟ ಮ್ಯಾಲ ಸುಣ್ಣದ ಪುಡಿ ತಂದು, ಆ ಗೆರಿ ಒಳಗ ತಮ್ಮ ಗೆರಿ ಎಳಕೋತಿದ್ರು. ಅಷ್ಟರಾಗ ಹುಡುಗ್ರು ಬಂದು "ಇದೊಂದ ಮ್ಯಾಚು ಅಕ್ಕಾರ" ಅಂತ ಇಳೀತಿದ್ರು. ಅವರ ಮ್ಯಾಚು ಮುಗಿಯೂದ್ರಾಗ ಈ ಗೆರಿ ಕಾಲಾಗ ಅಳಿಸಿಹೋಗಿರ್ತಿತ್ತು, ಹೊತ್ತೂ ಮುಳುಗಿರ್ತಿತ್ತು. ಯಾರೂ ಬರಬ್ಯಾಡ್ರಿ ಅಂದಿಲ್ಲ ನೋಡ್ರಿ.

ಕಡೀಕ ಏನ್ ಮಾಡಿದ್ವಿ ಅಂದ್ರ, ಮಂಚಕ್ಕ ಹೆಣಿಯೂ ನವಾರ ಪಟ್ಟಿ ತಂದು 12ಕ್ಕ 8ರ ಅಳತಿಗೆ ಮೊಳಿ ಹೊಡದು ಬಿಟ್ವಿ. ಗೆರಿ ಅಳಸಲಿಲ್ಲ. ಮಂಗಳವಾರ, ಗುರುವಾರ, ಶನಿವಾರ ನಾಲ್ಕೂವರಿಯಿಂದ ಆರರ ತನಕ ಹುಡುಗ್ಯಾರದು ಅಂತ ಗ್ವಾಡಿ ಮ್ಯಾಲ ಬಣ್ಣದಾಗ ಬರಸಿದ್ವಿ. ಬೋರ್ಡ್ ಬದಲಾಗಲಿಲ್ಲ, ಮೊದಲಿನ ಬೋರ್ಡ ಇವತ್ತಿಗೂ ಐತಿ. ಬರೋ ಹುಡುಗ್ಯಾರ ಸಂಖ್ಯೆ ಮಾತ್ರ ಬದಲಾತು.

ಇನ್ನೊಂದು ಮಾತು. ಮೈದಾನದ ಹತ್ರ ಹೆಣ್ಣುಮಕ್ಕಳಿಗೆ ಪಾಯಖಾನಿ ಇಲ್ಲಂದ್ರ ತಿಂಗಳಿನ್ಯಾಗ ನಾಲ್ಕೈದು ದಿನ ಅವರು ಬರಾಂಗಿಲ್ಲ, ಆ ಕಾರಣಾನೂ ಹೇಳಾಂಗಿಲ್ಲ. ನೀವು "ಆಸಕ್ತಿ ಕಡಿಮಿ" ಅಂತ ಬರಕೋತೀರಿ. ಬಾಜೂಕಿನ ಮನಿ ಅಜ್ಜಿ ಒಬ್ಬರು ತಮ್ಮ ಬಚ್ಚಲ ಉಪಯೋಗಸಾಕ ಕೊಟ್ರು ಅಂತ ನಮ್ಮದು ನಡದೈತಿ.

ಬ್ಯಾಡಗಿ_ಕಡ್ಡಿ:
ಇದು ಒಪ್ಪೋ ಮಾತು. ಗೆರಿ, ಟೈಮು, ಪಾಯಖಾನಿ, ಇವೆಲ್ಲ ಕೆಲಸ. ಇದಕ್ಕ ಯಾರ ತಕರಾರೂ ಇಲ್ಲ. ಇದಕ್ಕ "ಒಳಗೊಳ್ಳುವಿಕೆ" ಅಂತ ಜಡ ಹೆಸರು ಯಾಕ ಬೇಕು ಅಂತ ನನ್ನ ತಕರಾರು.

ಲೆಕ್ಕದ_ಮಾಸ್ತರ:
ನಾನು ನಿವೃತ್ತ ಶಿಕ್ಷಕ. ಹತ್ತಾರು ಸಂಘಗಳ ಲೆಕ್ಕಪತ್ರ, ನೋಂದಣಿ ನೋಡಿಕೊಟ್ಟಿದ್ದೇನೆ. ಕಾರ್ಯದರ್ಶಿಯವರೆ, ಸದಸ್ಯರ ಪುಸ್ತಕ ನೋಡಿದಿರಿ, ಒಳ್ಳೆಯದಾಯಿತು. ಈಗ ಬೈಲಾ ತೆಗೆದು ನೋಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಲು ಕನಿಷ್ಠ ಏಳು ಜನ ಸಾಕು. ಆ ಏಳು ಜನ ಸಾಮಾನ್ಯವಾಗಿ ಒಂದೇ ಕಟ್ಟೆಯ ಮೇಲೆ ಕೂಡುವ ಗೆಳೆಯರು. ಅವರು ಟೈಪಿಂಗ್ ಅಂಗಡಿಗೆ ಹೋಗಿ, ಬೇರೆ ಯಾವುದೋ ಸಂಘದ ಬೈಲಾ ತಂದು ಹೆಸರು ಬದಲಿಸಿ ಸಲ್ಲಿಸುತ್ತಾರೆ. ಒಳಗೆ ಏನಿದೆ ಎಂದು ಓದಿದವರು ಕಡಿಮೆ.

ನಾನು ಮತ್ತೆ ಮತ್ತೆ ಕಂಡ ಮೂರು ಸಾಲು ಹೇಳುತ್ತೇನೆ. ಹೊಸ ಸದಸ್ಯರಿಗೆ ಇಬ್ಬರು ಹಾಲಿ ಸದಸ್ಯರ ಶಿಫಾರಸು ಬೇಕು. ಅರ್ಜಿದಾರ ಆ ಓಣಿಯ ಕಾಯಂ ರಹವಾಸಿ ಆಗಿರಬೇಕು. ಸತತ ಮೂರು ಸಭೆಗೆ ಗೈರಾದರೆ ಸದಸ್ಯತ್ವ ತಾನಾಗಿಯೇ ರದ್ದು. ಮೂರರಲ್ಲೂ ಜಾತಿ ಇಲ್ಲ, ಧರ್ಮ ಇಲ್ಲ. ಆದರೆ 64 ಜನರಲ್ಲಿ ಒಬ್ಬರಿಗೂ ಆ ಕೇರಿಯಲ್ಲಿ ಗೆಳೆಯರಿಲ್ಲದಿದ್ದರೆ ಶಿಫಾರಸು ಮಾಡುವವರು ಯಾರು? ಬಾಡಿಗೆ ಮನೆಯ ಹುಡುಗ ಕಾಯಂ ರಹವಾಸಿ ಹೇಗಾಗುತ್ತಾನೆ? ಈ ಸಾಲುಗಳನ್ನು ತಿದ್ದಲು ಸರ್ವಸಾಧಾರಣ ಸಭೆ ಕರೆಯಬೇಕು, ಠರಾವು ಮಾಡಿ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಗೆ ಕೊಡಬೇಕು. ಕಷ್ಟದ ಕೆಲಸವೇನಲ್ಲ, ಓಡಾಟ ಮಾತ್ರ ಇದೆ.

ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಹತ್ತು ಷೇರು ಇದ್ದವನಿಗೂ ಒಂದೇ ಮತ, ಒಂದು ಷೇರು ಇದ್ದವನಿಗೂ ಒಂದೇ ಮತ ಎಂಬುದು ಸಹಕಾರದ ಮೂಲ ತತ್ವ. ನಮ್ಮ ಯುವಕ ಸಂಘಗಳಲ್ಲಿ ಗಣಪತಿಗೆ ಹೆಚ್ಚು ಪಟ್ಟಿ ಕೊಟ್ಟವರ ಮನೆಯ ಹುಡುಗನೇ ಅಧ್ಯಕ್ಷ. ಇದನ್ನು ಯಾವ ಬೈಲಾದಲ್ಲೂ ಬರೆದಿಲ್ಲ.

ಮುಂಡರಗಿ_ತಾಂಡಾ:
ಮಾಸ್ತರ, ಮೂರನೇ ಸಾಲಿಗೆ ನಾನ ಸಾಕ್ಷಿ. ನಮ್ಮ ತಾಂಡಾದ ಅರ್ಧ ಮಂದಿ ದವಾಳಿ ಮುಗಿಸಿ ಗೋವಾಕ್ಕ, ಮಂಗಳೂರಿಗೆ ದುಡ್ಯಾಕ ಹೋಗ್ತೇವಿ, ಹೋಳಿಗೋ ಯುಗಾದಿಗೋ ಹೊಳ್ಳಿ ಬರ್ತೇವಿ. ಬಂದು ನೋಡಿದ್ರ ಸಂಘದ ಪುಸ್ತಕದಾಗ ಹೆಸರ ಮ್ಯಾಲ ಕೆಂಪು ಗೆರಿ. ಹೊಸದಾಗಿ ಫೀ ತುಂಬ್ರಿ ಅಂತಾರ. ವರ್ಷಾ ಫೀ ತುಂಬಿ ವರ್ಷಾ ರದ್ದಾಗೋ ಸದಸ್ಯರು ನಾವು. ಪದಾಧಿಕಾರಿಗಳ ಆಯ್ಕೆ ಯಾವಾಗ ಅಂದ್ರ ಜನವರಿಯೊಳಗ. ನಾವಿರಾಂಗ ಇಲ್ಲ. ದುಡ್ಯಾಕ ಹೋದಾವ್ನ ಹೆಸರು ಅಳಸ್ತಾರ, ಬೆಂಗಳೂರಾಗ ಐಟಿ ಕೆಲಸಕ್ಕ ಹೋದ ಗೌಡ್ರ ಮಗನ ಹೆಸರು "ಗೌರವ ಸದಸ್ಯ" ಅಂತ ಹಂಗ ಉಳಸ್ತಾರ. ಅಂವಾ ಎಷ್ಟ್ ಸಭೆಗೆ ಬಂದಾನ ಕೇಳ್ರಿ.

ಹಳೇಹುಬ್ಬಳ್ಳಿ_ಹುಡುಗ:
ಬೈಲಾ ತಗದು ನೋಡಿದೆ ಮಾಸ್ತರ. ಮೂರೂ ಸಾಲು ಅದಾವು. ಅಕ್ಷರ ಅಕ್ಷರ ನೀವು ಹೇಳಿದಂಗ.

ಧಾರವಾಡ_ಫೇಡಾ:
ಸಭೆಗೆ ಗಿರ್ಮಿಟ್, ಮಿರ್ಚಿ ಇಡ್ರಿ, ಎಲ್ಲಾರೂ ಬರ್ತಾರ. ಪ್ರಾಬ್ಲಮ್ ಸಾಲ್ವ್ 😄

ಹಲಗಿ_ಹುಡುಗ:
ಗಿರ್ಮಿಟ್ ಮಾತು ಬಂತಲ್ಲ, ನಾನೂ ಊಟದ್ದ ಒಂದು ಹೇಳ್ತೇನಿ. ನಾನು ಹಾವೇರಿ ಕಡಿಯಾಂವ. ಹೋಳಿ ಹುಣ್ಣಿಮಿಗೆ ನಮ್ಮ ಮೇಳಕ್ಕ ಹುಬ್ಬಳ್ಳಿಯಿಂದನೂ ಕರಿ ಬರ್ತೈತಿ. ಹಲಗಿ ಅಂದ್ರ ಸುಮ್ಮನ ಬಡಿಯೂದಲ್ಲ. ಚರ್ಮದ ಹಲಗಿ ಇದ್ರ ಬಡಿಯೂಕಿಂತ ಮೊದಲ ಬೆಂಕಿಗೆ ಕಾಸಬೇಕು, ನಡುನಡುವ ಮತ್ತ ಕಾಸಬೇಕು, ಇಲ್ಲಂದ್ರ ನಾದ ಇಳೀತೈತಿ. ರೊಕ್ಕ ಮಾತಾಡಿದಷ್ಟು ಕೊಡ್ತಾರ, ಹಂಗೇನೂ ಮೋಸ ಇಲ್ಲ. ಶಾಲು ಹೊದಸ್ತಾರ, ಫೋಟೋ ತಗಸ್ಕೋತಾರ, "ನಮ್ಮ ಜಾನಪದ ನಮ್ಮ ಹೆಮ್ಮೆ" ಅಂತ ಬ್ಯಾನರ್ ಹಾಕ್ತಾರ. ಊಟದ ಹೊತ್ತಿಗೆ ಸಂಘದವರು ಪೆಂಡಾಲ್ ಒಳಗ ಪಂಕ್ತಿಯೊಳಗ ಕುಂದರ್ತಾರ. ನಮಗ ಪಾರ್ಸಲ್. ಪ್ರತಿ ವರ್ಷ ಪಾರ್ಸಲ್. "ನೀವು ದೂರ ಹೋಗೋರು, ಲೇಟ್ ಆಗ್ತೈತಿ" ಅಂತಾರ, ಪ್ರೀತಿಯಿಂದನ ಅಂತಾರ.

ಈಗ ಪ್ಯಾಟಿ ಹುಡುಗ್ರು, ಹುಡುಗ್ಯಾರು ಹಲಗಿ ಕಲ್ಯಾಕ ಬರ್ತಾರ. ಎಲ್ಲಾ ಜಾತಿಯವರು ಬರ್ತಾರ. ನಾನ ಕಲಿಸೇನಿ, ಖುಷಿನೂ ಐತಿ. ಹಲಗಿ ಊರೆಲ್ಲಾ ತಿರಗ್ಯಾಡಿ ಬಂತು, ನಾವು ಮಾತ್ರ ಪೆಂಡಾಲ್ ಹೊರಗ.

ಬ್ಯಾಡಗಿ_ಕಡ್ಡಿ:
ತಮ್ಮಾ, ಪಾರ್ಸಲ್ ಕೊಟ್ಟಿದ್ದು ಜಾತಿ ಸಲುವಾಗೇ ಅಂತ ಹೆಂಗ್ ಹೇಳ್ತಿ? ಪೆಂಡಾಲ್ ಹಾಕೋರಿಗೂ, ಸೌಂಡ್ ಸಿಸ್ಟಮ್ ಹುಡುಗ್ರಿಗೂ ಪಾರ್ಸಲ್ಲ ಕೊಡ್ತಾರ. ಎಲ್ಲಾದ್ರಾಗೂ ಅದನ್ನ ಹುಡುಕಿದ್ರ ಸಿಕ್ಕ ಸಿಗತೈತಿ.

ಹಲಗಿ_ಹುಡುಗ:
ಸೌಂಡ್ ಸಿಸ್ಟಮ್ ಹುಡುಗ್ರು ಒಳಗ ಬಂದು ಕೊಡದಾಗ ಲೋಟ ಅದ್ದಿ ನೀರು ಕುಡೀತಾರ ಕಾಕಾ. ನಮಗ ಬಾಟ್ಲಿ ತಂದು ಕೊಡ್ತಾರ.

ಗದಗಿನ_ರೇಡರ್:
ಹಲಗಿ ಅಣ್ಣಾರ, ಇದನ್ನ ಓದಿ ಸ್ವಲ್ಪ ಹೊತ್ತು ಏನೂ ಬರ್ಯಾಕ ಆಗಲಿಲ್ಲ.

ಲೆಕ್ಕದ_ಮಾಸ್ತರ:
ಗಂಗೂಬಾಯಿ ಹಾನಗಲ್ಲರು ಹುಡುಗಿಯಾಗಿದ್ದಾಗ ಧಾರವಾಡದ ರಸ್ತೆಯಲ್ಲಿ ನಡೆದರೆ "ಗಾನೇವಾಲಿ" ಎಂದು ಹೀಯಾಳಿಸುತ್ತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದ ಹುಡುಗಿ ಅವರು. ಅಲ್ಲಿಯೂ ಊಟದ ವೇಳೆ ಜಾತಿಯ ಕಾರಣಕ್ಕೆ ತಮಗೆ ಏನಾಗುವುದೋ ಎಂಬ ಅಳುಕಿತ್ತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಹಾಡಿಗೆ ಸಭೆ, ಹಾಡಿದವರಿಗೆ ಪಂಕ್ತಿಯ ಅಳುಕು. ನೂರು ವರ್ಷ ದಾಟಿತು. ಕಡ್ಡಿಯವರೆ, ನೀವು ಜಾತಿ ಕೇಳಿಲ್ಲ ಎಂದಿರಿ. ನಮ್ಮ ಊರುಗಳಲ್ಲಿ ಜಾತಿ ತಿಳಿಯಲು ಕೇಳಬೇಕಾದ ಗರಜೇ ಇಲ್ಲ. ಅಡ್ಡಹೆಸರು, ಓಣಿ, ಅಜ್ಜನ ಹೆಸರು, ಇಷ್ಟರಲ್ಲಿ ಎಲ್ಲ ಗೊತ್ತಾಗಿರುತ್ತದೆ.

ನಿರ್ವಾಹಕ:
ಜಾತಿ ಹೆಸರು ಹಿಡಿದು ಬೈದಿದ್ದ ಒಂದು ಪ್ರತಿಕ್ರಿಯೆ ತೆಗೆದಿದ್ದೇವೆ. ಚರ್ಚೆ ಚೆನ್ನಾಗಿ ನಡೆದಿದೆ, ಹಾಗೇ ಸಾಗಲಿ.

ಉಣಕಲ್_ಕೆರಿ:
ನಾನು ಓದಾಕತ್ತಿದ್ದು ಶುರುವಿನಿಂದ. ಈಗ ಬರೀತೇನಿ. ನಾನು ಮುಸ್ಲಿಂ ಹುಡುಗಿ, ಡಿಗ್ರಿ ಕಡೇ ವರ್ಷ. ನಮ್ಮ ಏರಿಯಾದಾಗೂ ಹಿಂಗ ಒಂದು ಸಂಘ, ಒಂದು ವಾಚನಾಲಯ ಐತಿ. ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕ ಅಲ್ಲಿ ಅದಾವು ಅಂತ ಸೇರಿದೆ. ಸಭೆ ರಾತ್ರಿ ಎಂಟಕ್ಕ. ಶಕ್ತಿ ಯೋಜನೆ 2023ರ ಜೂನ್‌ನಾಗ ಬಂದ ಮ್ಯಾಲ ಮನ್ಯಾಗ ಬಸ್ ಖರ್ಚಿನ ತಕರಾರು ಹೋತು, ಹೊತ್ತಿನ ತಕರಾರು ಉಳೀತು. ಎಂಟಕ್ಕ ಶುರುವಾದ ಸಭೆ ಮುಗಿಯೂದು ಹತ್ತಕ್ಕ. ಅಮ್ಮಿ ಕಳಸಾಂಗಿಲ್ಲ, ನಾನೂ ಆಕಿ ಜೋಡಿ ವಾದ ಮಾಡಂಗಿಲ್ಲ, ಯಾಕಂದ್ರ ಹತ್ತಕ್ಕ ಆ ರಸ್ತೆ ನನಗೂ ಬ್ಯಾಡ. ರಂಜಾನ್‌ದಾಗಂತೂ ಬಿಡ್ರಿ, ಇಫ್ತಾರ್ ಹೊತ್ತಿಗೆ ಸರಿಯಾಗಿ ಕಾರ್ಯಕ್ರಮ ಇಡ್ತಾರ. ಬೇಕಂತ ಅಲ್ಲ, ನೆನಪ ಇರಂಗಿಲ್ಲ. ಸಮಿತಿಯೊಳಗ ಒಬ್ಬರಾದ್ರೂ ಉಪವಾಸ ಮಾಡೋರು ಇದ್ದಿದ್ರ ನೆನಪಾಗ್ತಿತ್ತು.

ಗಣಪತಿ ಫೋಟೋ, ಪೂಜಾ, ಪ್ರಸಾದ, ಇವು ನನಗ ಯಾವತ್ತೂ ತ್ರಾಸ ಅನಿಸಿಲ್ಲ, ಸಣ್ಣಾಕಿ ಇದ್ದಾಗಿಂದ ನೋಡೇನಿ. ನಾನು ಬಿಟ್ಟಿದ್ದು ವಾಟ್ಸಾಪ್ ಗ್ರೂಪಿನ ಸಲುವಾಗಿ. ವಾಚನಾಲಯದ ಟೈಮಿಂಗ್, ರಕ್ತ ಬೇಕಾಗೇತಿ ಅನ್ನೋ ಮೆಸೇಜಿನ ನಡುವ ನಮ್ಮ ಸಮುದಾಯದ ಬಗ್ಗೆ ಕೆಟ್ಟ ಫಾರ್ವರ್ಡ್ ಬರೋವು. ಒಬ್ಬಾಂವ ಹಾಕಿದ್ರ ಉಳಿದವರು ಸುಮ್ಮನ. ಆ ಗ್ರೂಪಿನ್ಯಾಗ ನನಗ ನೋಟ್ಸ್ ಕೊಟ್ಟ ಅಣ್ಣಾನೂ ಇದ್ದ, ಅವನೂ ಸುಮ್ಮನ. ನಾನು ಜಗಳ ಮಾಡಲಿಲ್ಲ, ಗ್ರೂಪ್ ಬಿಟ್ಟೆ. "ಆಕಿಗೆ ಆಸಕ್ತಿ ಇಲ್ಲ" ಅಂತ ಬರಕೊಂಡಿರಬೇಕು.

ಬ್ಯಾಡಗಿ_ಕಡ್ಡಿ:
ತಂಗಿ, ಆ ಫಾರ್ವರ್ಡ್ ಹಾಕೋರಿಗೆ ನಮ್ಮ ಕಾಲದಾಗಾದ್ರ ಕಟ್ಟಿ ಮ್ಯಾಲ ಕುಂದ್ರಿಸಿ ಹೇಳ್ತಿದ್ವಿ. ಈಗ ಹೇಳೋರ ಕೈಯಾಗೂ ಅದ ಫೋನು. ಇದರಾಗ ನಾ ನಿನ್ನ ಕಡೆ.

ಆದ್ರ ಎಲ್ಲರೂ ಒಂದು ಮಾತು ಮರೀಬ್ಯಾಡ್ರಿ. ಸಂಘ ಅಂದ್ರ ಏನು? ರಾತ್ರಿ ಹನ್ನೆರಡಕ್ಕ ಗಣಪತಿ ಮಂಟಪದ ಗಳ ಕಟ್ಟೋ ನಾಲ್ಕೈದು ಹುಡುಗ್ರು. ಹಗಲೆಲ್ಲಾ ಗ್ಯಾರೇಜಿನ್ಯಾಗ, ಅಂಗಡಿಯೊಳಗ ದುಡದು ಬರ್ತಾರ, ಅದಕ್ಕ ಸಭೆ ಎಂಟಕ್ಕ. ಅವರೂ ಬಡವರ. ಟೈಮ್ ಬದಲು ಮಾಡಿದ್ರ ಅವರು ತಪ್ಪಿಸ್ಕೋತಾರ. ಒಬ್ಬರನ್ನ ಒಳಗ ಕರಕೊಳ್ಳಾಕ ಹೋಗಿ ಇದ್ದವರನ್ನ ಹೊರಗ ಹಾಕಬ್ಯಾಡ್ರಿ. ಇದಕ್ಕ ಯಾರೂ ಉತ್ತರ ಹೇಳಾಕತ್ತಿಲ್ಲ.

ಮುಂಡರಗಿ_ತಾಂಡಾ:
ಕಾಕಾ ಹೇಳಿದ್ದರಾಗ ಹುರುಳೈತಿ. ದುಡಿಯೂ ಹುಡುಗ್ರಿಗೆ ಭಾನುವಾರ ಮಧ್ಯಾಹ್ನ ಒಂದ ಬಿಡುವು. ಭಾನುವಾರ ಮಾಡ್ರಲ್ಲ.

ಗಿಲಕಿ_ಚೆಂಡು:
ನಾನು ಗದಗದವನು, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಫೋನು ಓದಿ ಹೇಳುತ್ತದೆ, ನಾನು ಮಾತಾಡಿ ಟೈಪ್ ಮಾಡಿಸುತ್ತೇನೆ, ಹಾಗಾಗಿ ಕಾಗುಣಿತ ತಪ್ಪಿದರೆ ಅದರ ತಪ್ಪು. ಮೊದಲಿಗೆ ಒಂದು ತಮಾಷೆ. ಗದಗದ ಅಂಧ ಎಂದಕೂಡಲೆ ಎಲ್ಲರೂ "ಒಂದು ವಚನ ಹಾಡ್ರಿ" ಎನ್ನುತ್ತಾರೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ನಮ್ಮಂಥ ನೂರಾರು ಮಕ್ಕಳಿಗೆ ಸಂಗೀತ ಕೊಟ್ಟು ಬದುಕು ಕೊಟ್ಟರು, ಅವರ ಹೆಸರು ಕೇಳಿದರೆ ಕೈ ಮುಗಿಯುತ್ತೇನೆ. ಆದರೆ ನನಗೆ ಹಾಡಲು ಬರುವುದಿಲ್ಲ ಸ್ವಾಮಿ. ನನಗೆ ಬರುವುದು ಕ್ರಿಕೆಟ್.

ಅಂಧರ ಕ್ರಿಕೆಟ್‌ನಲ್ಲಿ ಚೆಂಡಿನೊಳಗೆ ಛರ್ರೆಗಳಿರುತ್ತವೆ, ಸದ್ದು ಕೇಳಿ ಆಡುತ್ತೇವೆ. ಬೌಲರ್ ಕೈ ಕೆಳಗೆ ಮಾಡಿ ಎಸೆಯುತ್ತಾನೆ. ಹನ್ನೊಂದು ಜನರಲ್ಲಿ ಕನಿಷ್ಠ ನಾಲ್ವರು ಏನೇನೂ ಕಾಣದ ಬಿ1 ವರ್ಗದವರು ಇರಲೇಬೇಕು. ಅವರು ಹೊಡೆದ ಪ್ರತಿ ರನ್ ಎರಡಾಗಿ ಎಣಿಕೆಯಾಗುತ್ತದೆ. ಮೊದಲ ಸಲ ಕೇಳಿದವರು "ಇದು ಮೋಸ" ಎನ್ನುತ್ತಾರೆ. ಅರೆಬರೆ ಕಾಣುವವನ ಜೊತೆ ಏನೂ ಕಾಣದವನು ಒಂದೇ ತಂಡದಲ್ಲಿ ಆಡಬೇಕಾದರೆ ಹೀಗೇ ಆಗಬೇಕು. ಡಬಲ್ ಇಲ್ಲದಿದ್ದರೆ ಯಾವ ನಾಯಕನೂ ಬಿ1 ಆಟಗಾರನನ್ನು ಮೇಲಿನ ಕ್ರಮಾಂಕದಲ್ಲಿ ಕಳಿಸುತ್ತಿರಲಿಲ್ಲ.

ಕಾರ್ಯದರ್ಶಿಯವರಿಗೆ ಎರಡು ಕೆಲಸ. ಒಂದು, ಸಂಘದ ನೋಟಿಸನ್ನು ಫೋಟೋ ತೆಗೆದು ಗ್ರೂಪಿಗೆ ಹಾಕಬೇಡಿ. ನನ್ನ ಫೋನು ಅದನ್ನು "ಚಿತ್ರ" ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಅದೇ ಮಾತನ್ನು ಕೆಳಗೆ ಟೈಪ್ ಮಾಡಿ. ಎರಡು, ಕಂಪ್ಯೂಟರ್ ಬಂದಾಗ ಒಂದಕ್ಕಾದರೂ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಹಾಕಿ. ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ, ದನಿ ಸ್ವಲ್ಪ ರೋಬೋ ಥರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆ ಗುರುತಿಸಿದೆ. ಸಂಘದವರು ಇಳಿಜಾರು ಕಟ್ಟೆ ಒಂದು ಕಟ್ಟಿಸಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ನನಗೆ ಇಳಿಜಾರು ಬೇಡ, ಮೆಟ್ಟಿಲೇ ಸಲೀಸು.

ಬ್ಯಾಡಗಿ_ಕಡ್ಡಿ:
ರನ್ ಡಬಲ್ ಆಗೋದು ನನಗ ಗೊತ್ತಿರಲಿಲ್ಲ. ಛಲೋ ನಿಯಮ. ಆದ್ರ ಆಟದಾಗ ಡಬಲ್ ಯಾರಿಗೆ ಅಂತ ಟಾಸ್‌ಕಿಂತ ಮೊದಲ ಎರಡೂ ತಂಡಕ್ಕ ಗೊತ್ತಿರ್ತೈತಿ, ಡಾಕ್ಟರ್ ಸರ್ಟಿಫಿಕೇಟ್ ಇರ್ತೈತಿ. ಸಂಘದಾಗ ಯಾರಿಗೆ ಎಷ್ಟು ಡಬಲ್ ಅಂತ ಠರಾಯಿಸೋರು ಯಾರು?

ಗಿಲಕಿ_ಚೆಂಡು:
ಒಳ್ಳೆ ಪ್ರಶ್ನೆ. ಆ ನಿಯಮ ಮಾಡುವಾಗ ಬಿ1 ಆಟಗಾರರೂ ಕೂತಿರಬೇಕು. ಸಂಘದಲ್ಲೂ ಅಷ್ಟೇ. ಈಗ ಠರಾಯಿಸುತ್ತಿರುವವರು ಯಾರು ನೋಡಿ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಎಲ್ಲವ್ವನ_ಗುಡ್ಡ:
ನಾನು ಧಾರವಾಡದಾಗಿರ್ತೇನಿ, ಲಿಂಗತ್ವ ಅಲ್ಪಸಂಖ್ಯಾತೆ. ಸಣ್ಣದೊಂದು ಮಾತು. ನೀವು ರಕ್ತದಾನ ಶಿಬಿರ ಅಂತ ಬರದೀರಲ್ಲ, ಅಲ್ಲಿ ನಮ್ಮಂಥವರಿಗೆ ಬಾಗಿಲು ಸರ್ಕಾರದ ನಿಯಮದಿಂದನ ಮುಚ್ಚೈತಿ. 2017ರ ರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ನಮ್ಮ ರಕ್ತ ತಗೋಳಾಂಗಿಲ್ಲ. ಸುಪ್ರೀಂ ಕೋರ್ಟಿನ್ಯಾಗ ಅದನ್ನ ಪ್ರಶ್ನೆ ಮಾಡ್ಯಾರ. ಅದು ನಿಮ್ಮ ಕೈಯಾಗಿಲ್ಲ, ನಿಮ್ಮನ್ನ ಬೈಯಾಂಗಿಲ್ಲ. ಆದ್ರ ಒಂದು ಶಿಬಿರದಾಗ ನಾನು ಫಾರ್ಮ್ ತುಂಬಿ, ಸಾಲಿನ್ಯಾಗ ನಿಂತು, ಟೇಬಲ್ ಮುಂದ ಹೋದ ಮ್ಯಾಲ ಎಲ್ಲರಿಗೂ ಕೇಳೂವಂಗ "ನಿಮ್ಮದು ನಡಿಯಂಗಿಲ್ಲ, ಬಾಜೂಕ ಸರೀರಿ" ಅಂದ್ರು. ಯಾರು ಕೊಡಬಹುದು, ಯಾರು ಕೊಡಾಕ ಬರಾಂಗಿಲ್ಲ ಅಂತ ಮೊದಲ ಒಂದು ಹಾಳಿ ಮ್ಯಾಲ ಬರದು ಹೊರಗ ಹಚ್ಚಿದ್ರ ಸಾಕಿತ್ತು. ಜ್ಯೂಸ್ ಕೊಡೋ ಟೇಬಲ್ಲಿಗೆ, ಹೆಸರು ಬರಿಯೂ ಟೇಬಲ್ಲಿಗೆ ಯಾವ ಮಾರ್ಗಸೂಚಿನೂ ಇಲ್ಲ. ಅಲ್ಲಿ ನಿಲ್ಲಾಕ ನಾ ತಯಾರ ಇದ್ದೆ, ಯಾರೂ ಕೇಳಲಿಲ್ಲ.

ಲೆಕ್ಕದ_ಮಾಸ್ತರ:
ಯಾರೂ ಎತ್ತದ ಒಂದು ವಿಷಯ ಸೇರಿಸುತ್ತೇನೆ. ಹುಡುಗಿಯರನ್ನು ಸೇರಿಸಿಕೊಳ್ಳುವ ಉತ್ಸಾಹದಲ್ಲಿ ಅವರ ಸುರಕ್ಷತೆ ಮರೆಯಬಾರದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಲ್ಲಿ ಸಂಬಳವಿಲ್ಲದೆ ಸ್ವಯಂಸೇವೆ ಮಾಡುವವರೂ ಬರುತ್ತಾರೆ. ಹತ್ತು ಮಂದಿ ಕೆಲಸ ಮಾಡುವ ಕಡೆ ಒಳ ಸಮಿತಿ ಕಡ್ಡಾಯ, ಅದಕ್ಕಿಂತ ಕಡಿಮೆಯಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಬೇಸಿಗೆ ಶಿಬಿರಕ್ಕೆ ಬರುವವರು 18 ತುಂಬದ ಮಕ್ಕಳು. ಅಲ್ಲಿ 2012ರ ಪೋಕ್ಸೊ ಕಾಯ್ದೆ ಇದೆ. ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ "ಓಣಿಯ ಮರ್ಯಾದೆ" ಎಂದು ಒಳಗೇ ಮುಚ್ಚಿಡುವಂತಿಲ್ಲ, ವರದಿ ಮಾಡದಿರುವುದೂ ಅಪರಾಧ. 1098 ಮಕ್ಕಳ ಸಹಾಯವಾಣಿ. ಈ ಸಂಖ್ಯೆಯನ್ನು ಮೈದಾನದ ಗೋಡೆಯ ಮೇಲೂ ಬರೆಸಿ.

ಇನ್ನು ಸದಸ್ಯತ್ವ ಫಾರ್ಮಿನಲ್ಲಿ ಜಾತಿ, ಧರ್ಮದ ಖಾನೆ ಇರಬೇಕೋ ಬೇಡವೋ? ಕಂಪನಿಯವರು ಅಂಕಿಸಂಖ್ಯೆ ಕೇಳಿಯೇ ಕೇಳುತ್ತಾರೆ. ಹೆಸರಿಲ್ಲದ ಚೀಟಿಯಲ್ಲಿ, ಇಷ್ಟವಿದ್ದವರು ಮಾತ್ರ ಬರೆದು ಡಬ್ಬಿಗೆ ಹಾಕಲಿ ಎಂಬುದು ನನ್ನ ಸಲಹೆ. ಎಷ್ಟು ಜನ ಎಂದು ಗೊತ್ತಾಗುತ್ತದೆ, ಯಾರು ಎಂದು ಗೊತ್ತಾಗುವುದಿಲ್ಲ.

ಬ್ಯಾಡಗಿ_ಕಡ್ಡಿ:
ಖಾನೆ ಬ್ಯಾಡ. ಚೀಟಿನೂ ಬ್ಯಾಡ. ಇದೊಂದರಾಗ ನಾ ಬಗ್ಗಾಂವಲ್ಲ.

ಮುಂಡರಗಿ_ತಾಂಡಾ:
ಬೇಕು ಕಾಕಾ. ಎಣಿಕಿ ಇಲ್ಲಂದ್ರ ನಾವು ಇಲ್ಲ ಅಂತ ಹೇಳಾಕ ನಮ್ಮ ಕಡೆ ಪುರಾವಿ ಏನೈತಿ? ಈ ಹುಡುಗ ಪುಸ್ತಕ ಎಣಿಸಿದ್ದಕ್ಕ ಈ ಚರ್ಚೆ ಶುರುವಾತು.

ಹಲಗಿ_ಹುಡುಗ:
ನನಗ ಎರಡೂ ಒಂದ. ಖಾನೆ ಹಾಕಿದ್ರೂ ಅದರಾಗ ಬರಿಯಾಕ ನಮ್ಮ ಹುಡುಗ ಮೊದಲ ಆ ಮೆಟ್ಟಲ ಹತ್ತಬೇಕಲ್ಲ. ನೀವ ಕೇರಿಗೆ ಬರ್ರಿ. ಒಂದು ಸಭೆ ನಮ್ಮ ಗುಡಿ ಕಟ್ಟಿ ಮ್ಯಾಲ ಮಾಡ್ರಿ. ಚಹಾ ನಮ್ಮ ಮನ್ಯಾಗಿಂದ ಬರ್ತೈತಿ, ಯಾರ್ಯಾರು ಕುಡೀತಾರ ನೋಡ್ರಿ. ಅದಕ್ಕಿಂತ ದೊಡ್ಡ ಸಮೀಕ್ಷೆ ಬ್ಯಾಡ.

ಧಾರವಾಡ_ಫೇಡಾ:
ಗಿರ್ಮಿಟ್ ಅಂತ ಚ್ಯಾಷ್ಟಿ ಮಾಡಾಕ ಬಂದಿದ್ದೆ. ಈಗ ಪೂರ್ತಿ ಓದಾಕತ್ತೇನಿ.

ಹಳೇಹುಬ್ಬಳ್ಳಿ_ಹುಡುಗ:
ನಿನ್ನೆ ಸಮಿತಿ ಸಭೆ ಆತು. ಈ ಚರ್ಚೆ ಪ್ರಿಂಟ್ ತಗೊಂಡು ಹೋಗಿ ಓದಿದೆ. ಪಾರ್ಸಲ್ ವಿಷಯ ಓದೂ ಮುಂದ ಇಬ್ಬರು ಎದ್ದು ಹೋದ್ರು. ಒಬ್ಬಾತ ಹೊಳ್ಳಿ ಬಂದ, ಸಿಗರೇಟ್ ಸೇದಾಕ ಹೋಗಿದ್ದೆ ಅಂದ. ಆಗಿದ್ದು ಇಷ್ಟು: ಸಭೆ ಇನ್ನ ಮ್ಯಾಲ ಭಾನುವಾರ ಸಂಜಿಮುಂದ ನಾಲ್ಕೂವರಿಗೆ. ವಾಚನಾಲಯದ ಕೀಲಿ ಅಧ್ಯಕ್ಷರ ಅಂಗಡಿಯೊಳಗ ಒಂದ ಇತ್ತು, ಈಗ ಎರಡು ಮಾಡಸೂದು, ಎರಡನೇದ್ದು ಹುಡುಗ್ಯಾರ ಕಡೆ. ಮುಂಜಾನೆ ಹತ್ತರಿಂದ ಒಂದರ ತನಕ ಅವರ ತಗದು ಕುಂದರೂದು. ಈ ಸಲ ಗಣಪತಿಗೆ ಹಲಗಿ, ಬ್ಯಾಂಡ್, ಪೆಂಡಾಲ್, ಸೌಂಡ್, ಯಾರ ಬಂದ್ರೂ ಒಂದ ಪಂಕ್ತಿ, ಪಾರ್ಸಲ್ ಬಂದ್. ಬೈಲಾದ ಮೂರು ಸಾಲು ತಿದ್ದಾಕ ಸರ್ವಸಾಧಾರಣ ಸಭೆ ನೋಟಿಸ್ ತಗದೇವಿ, ಟೈಪ್ ಮಾಡಿನ ಹಾಕೇನಿ, ಫೋಟೋ ಅಲ್ಲ. ಪದಾಧಿಕಾರಿಗಳ ಆಯ್ಕೆ ಜನವರಿಯಿಂದ ಯುಗಾದಿ ಆದ ಮ್ಯಾಲ. ಕೇರಿಯೊಳಗ ಸಭೆ ಮಾಡೂ ಮಾತಿಗೆ "ನೋಡೂಣು" ಅಂದ್ರು. ನಮ್ಮ ಕಡೆ "ನೋಡೂಣು" ಅಂದ್ರ ಏನು ಅಂತ ನಿಮಗ ಗೊತ್ತ ಐತಿ. ಖಾನೆ ವಿಷಯಕ್ಕ ಜಗಳಾಗಿ ಮುಂದೂಡಿದ್ವಿ.

ಅರ್ಜಿಯೊಳಗ ಮೊದಲು ಬರದ ಸಾಲು ಹೊಡದು ಹಾಕಿ, ಸದಸ್ಯರು 64, ಅದರಾಗ ಮೂರು ಮಂದಿ ಹುಡುಗ್ಯಾರು, ಅಂತ ಇದ್ದದ್ದು ಇದ್ದಂಗ ಬರದೇನಿ. ಅಧ್ಯಕ್ಷರು "ಹಿಂಗ ಬರದ್ರ ಕಂಪ್ಯೂಟರ್ ಬರಾಂಗಿಲ್ಲ" ಅಂತಾರ. ಸಹಿ ಮಾತ್ರ ಮಾಡ್ಯಾರ.

ಉಣಕಲ್_ಕೆರಿ:
ಭಾನುವಾರ ನಾಲ್ಕೂವರಿ ಅಂದ್ರ ನಮ್ಮ ಏರಿಯಾದವರಿಗೂ ತೋರಸ್ತೇನಿ ಅಣ್ಣಾ. ನಿಮ್ಮ ಗ್ರೂಪಿನ ಫಾರ್ವರ್ಡ್ ಬಗ್ಗೆ ಏನಾತು? ಅದು ನಿಮ್ಮ ಪಟ್ಟಿಯೊಳಗ ಇಲ್ಲ.

ಬ್ಯಾಡಗಿ_ಕಡ್ಡಿ:
ಅದಕ್ಕ ಸರಳ ಉಪಾಯ ಐತಿ. ನಮ್ಮ ಸಂಘದ ಗ್ರೂಪಿನ್ಯಾಗ ಅಡ್ಮಿನ್ ಬಿಟ್ಟು ಬ್ಯಾರೆ ಯಾರೂ ಮೆಸೇಜ್ ಹಾಕದಂಗ ಸೆಟ್ಟಿಂಗ್ ಮಾಡೇವಿ.

ಉಣಕಲ್_ಕೆರಿ:
ಅಡ್ಮಿನ್ನ ಹಾಕಿದ್ರ ಕಾಕಾ?

ಹಳೇಹುಬ್ಬಳ್ಳಿ_ಹುಡುಗ:
ನಮ್ಮಲ್ಲಿ ಇರೂ ತ್ರಾಸ ಅದ. ಅಡ್ಮಿನ್ ಅಧ್ಯಕ್ಷರ ಮಗ. ಮುಂದಿನ ಭಾನುವಾರದ ವಿಷಯಪಟ್ಟಿಯೊಳಗ ಮೊದಲನೇ ವಿಷಯ "ಗ್ರೂಪಿಗೆ ಇನ್ನಿಬ್ಬರು ಅಡ್ಮಿನ್" ಅಂತ ಹಾಕೇನಿ. ಏನಾತು ಅಂತ ಇಲ್ಲೇ ಬರೀತೇನಿ.

ಬ್ಯಾಡಗಿ_ಕಡ್ಡಿ:
ಬರಿ. ಆ ಎದ್ದು ಹೋದ ಇನ್ನೊಬ್ಬಾತ ಹೊಳ್ಳಿ ಬಂದ್ನೋ ಇಲ್ಲೋ ಅದನ್ನೂ ಬರಿ. ಖಾನೆಗೆ ಮಾತ್ರ ನನ್ನ ವಿರೋಧ ಇದ್ದ ಐತಿ.